ಗೇಣುದ್ದ ಪರದೆ ಯಾರ ಪಾಲಾಯಿತು?

"ನನ್ನ ಕಣ್ಣಾಗ ಮಣ್ಣು ತೂರೋ ಮನಷ್ಯಾ ಇನ್ನಾ ಹುಟ್ಟಿಲ್ಲ!"

ಧಾರವಾಡದ ಮಾಳಮಡ್ಡಿಯ ಸಿದ್ದಲಿಂಗಪ್ಪನವರು ಈ ಮಾತನ್ನು ದಿನಕ್ಕೊಮ್ಮೆಯಾದರೂ ಆಡದಿದ್ದರೆ ಅವರಿಗೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ದಲಾಲಿ ಮಾಡುತ್ತ ಮಾಡುತ್ತ ತಲೆಗೂದಲೆಲ್ಲ ಹತ್ತಿಯ ಬಣ್ಣಕ್ಕೆ ತಿರುಗಿದ ಮೇಲೆ ವ್ಯಾಪಾರ ಬಿಟ್ಟು ಮನೆಯಲ್ಲಿ ಕುಳಿತವರು. ವ್ಯಾಪಾರವನ್ನೇನೋ ಬಿಟ್ಟರು, ಸಂಶಯವನ್ನು ಬಿಡಲಿಲ್ಲ. ಮಾರುಕಟ್ಟೆಯಲ್ಲಿದ್ದಾಗ ಆ ಸಂಶಯವನ್ನು ರೈತರು, ಖರೀದಿದಾರರು, ಹಮಾಲರು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಈಗ ಅದಷ್ಟೂ ಮನೆಯ ಪಾಲಿಗೇ ಬಂತು! ಹಾಲಿನವನು ನಗುತ್ತ ಬಂದರೆ ಹಾಲಿಗೆ ನೀರು ಬೆರೆಸಿದ್ದಾನೆ. ಮುಖ ಗಂಟು ಹಾಕಿಕೊಂಡು ಬಂದರೆ, ಬೆರೆಸಿದ್ದು ಗೊತ್ತಾಗಬಾರದೆಂದು ಹಾಗೆ ಬಂದಿದ್ದಾನೆ. ಸ್ವಂತ ಮನೆಯ ಗೋಡೆ ಗಡಿಯಾರದ ಮೇಲೂ ಅವರಿಗೆ ನಂಬಿಕೆಯಿಲ್ಲ. ಅದನ್ನು ಮೊಬೈಲಿಗೆ ಹೋಲಿಸಿ ನೋಡಿ, ಆಮೇಲೆ ಮೊಬೈಲನ್ನು ಪಕ್ಕದ ಮನೆಯ ಗಡಿಯಾರಕ್ಕೆ ಹೋಲಿಸಿ ನೋಡುತ್ತಿದ್ದರು.

"ನನ್ನ ಮ್ಯಾಲರ ನಂಬಿಕಿ ಐತಿಲ್ರಿ?" ಎಂದು ಹೆಂಡತಿ ರತ್ನವ್ವ ಒಮ್ಮೆ ಕೇಳಿದ್ದರು.

"ಐತಿ. ಆದ್ರ ಒಗ್ಗರಣಿ ಹಾಕುವಾಗ ಯಾಕ ನನಗ ಬೆನ್ನು ಮಾಡಿ ನಿಲ್ಲತಿ ಅನ್ನೂದೊಂದು ತಿಳೀವಲ್ದು."

ಇಂಥ ಮನೆಗೆ ಗರಗದಿಂದ ಫೋನು ಬಂತು. ಗರಗ ರತ್ನವ್ವನ ತವರು. ಮಾತಾಡಿದ್ದು ತಾಯಿ ಚನ್ನಬಸವ್ವ.

"ಮೊಣಕಾಲು ಈಗ ಛಲೋ ಆಗ್ಯಾವವ್ವ. ಐತವಾರ ಬರತೇನಿ. ಆ ಪರದಿಗೋಳನ್ನ ನಾನೂ ಒಮ್ಮಿ ಕಣ್ಣತುಂಬ ನೋಡಬೇಕು."

ಪರದೆ ಅಂದರೆ ಅಂಗಡಿಯಲ್ಲಿ ಕೊಂಡ ಪರದೆಯಲ್ಲ. ಮಗಳು ಮಾಳಮಡ್ಡಿಯಲ್ಲಿ ಮನೆ ಕಟ್ಟಿಸಿದಾಗ ಚನ್ನಬಸವ್ವ ಕೈಯಾರೆ ನೂಲು ನೂತು, ಊರಲ್ಲೇ ನೇಯಿಸಿ, ಊರಲ್ಲೇ ಹೊಲಿಸಿ ಕಳಿಸಿದ ಬಿಳಿ ಖಾದಿ ಪರದೆಗಳು, ನೀಲಿ ಅಂಚಿನವು. ಅವರು ನೂತ ಕೊನೆಯ ನೂಲು ಅದೇ. ಆಮೇಲೆ ಕೈಬೆರಳಿನ ಗಂಟುಗಳು ಹಿಡಿದುಕೊಂಡು ರಾಟೆ ಅಟ್ಟ ಸೇರಿತು. ಮೊಣಕಾಲು ನೋವಿನಿಂದ ಗೃಹಪ್ರವೇಶಕ್ಕೂ ಬರಲಾಗಿರಲಿಲ್ಲ, ಪರದೆ ಕಿಟಕಿಗೇರಿದ್ದನ್ನು ಅವರು ನೋಡಿಯೇ ಇರಲಿಲ್ಲ. ರತ್ನವ್ವನಿಗೆ ಆ ಪರದೆಗಳ ಮೇಲೆ ಎಷ್ಟು ಜೀವವೆಂದರೆ, ಕೈ ಒರೆಸಿಕೊಳ್ಳಲು ಅತ್ತ ತಿರುಗಿದ ಗಂಡನನ್ನು ಆಕೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು.

ಆದರೆ ಮನೆಯ ಮುಂದಿನ ರಸ್ತೆಯನ್ನು ಪೈಪಿಗೆಂದು ಅಗೆದವರು ಮುಚ್ಚುವುದನ್ನು ಮರೆತುಬಿಟ್ಟಿದ್ದರು. ಅದರ ಧೂಳಷ್ಟೂ ಮನೆಯೊಳಗೆ ಬಂದು ಬಿಳಿ ಪರದೆ ಚಹಾದ ಬಣ್ಣಕ್ಕೆ ಬಂದಿತ್ತು.

"ನಾನ ಒಗೀತೇನ್ರಿ, ತಣ್ಣೀರಾಗ ಹಗೂರಕ," ಎಂದರು ರತ್ನವ್ವ.

"ನೀ ಒಗದ್ರ ಹಿಂಡ್ತಿ. ಹಿಂಡಿದ್ರ ನೂಲು ಸಾಯ್ತೈತಿ. ಡ್ರೈಕ್ಲೀನಿಂಗಿಗೆ ಕೊಡೂಣು."

"ಅಲ್ರಿ, ನಿಮಗ ಹಾಲಿನಾಂವನ ಮ್ಯಾಲೆ ನಂಬಿಕಿ ಇಲ್ಲ, ಡ್ರೈಕ್ಲೀನಿಂಗಿನವ್ರ ಮ್ಯಾಲೆ ಹೆಂಗ ಬಂತು?"

"ನಂಬಿಕಿ ಯಾರಿಗೆ ಬೇಕಾಗೈತಿ? ನಾ ಅದೇನಿ!" ಸಿದ್ದಲಿಂಗಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡರು. "ಹತ್ತಿ ವಿಷಯದಾಗ ನನಗ ಮೋಸ ಮಾಡವ್ರು ಯಾರದಾರ? ಒಂದ ಒಂದು ಎಳಿ ಹೆಚ್ಚುಕಡಿಮಿ ಆಗದಂಗ ತಂದು ನಿನ್ನ ಕೈಯಾಗ ಇಡತೇನಿ, ನೋಡ್ತಿರು!"

ಮಾತು ಕೊಟ್ಟದ್ದಾಯಿತು. ಆದರೆ ಮಧ್ಯಾಹ್ನ ಊಟ ಮಾಡಿ ಅಡ್ಡಾದ ಮೇಲೆ ಸಿದ್ದಲಿಂಗಪ್ಪನವರಿಗೆ ನಿದ್ದೆ ಹತ್ತಲಿಲ್ಲ. ಕೈನೂಲಿನ ಅಪ್ಪಟ ಖಾದಿ! ಅಂಗಡಿಯವನು ಇದನ್ನು ತೆಗೆದಿಟ್ಟುಕೊಂಡು ಮಿಲ್ಲಿನ ಬಟ್ಟೆಗೆ ನೀಲಿ ಅಂಚು ಬಡಿದು ಕೊಟ್ಟರೆ? ಅಮರಗೋಳದಲ್ಲಿ ಅವರು ಹತ್ತಿ ತುಂಬಿದ ದೊಡ್ಡ ಚೀಲ, ಅಂದರೆ ಅಂಡಿಗೆ, ಅದಲುಬದಲಾಗದಿರಲಿ ಎಂದು ಪ್ರತಿ ಅಂಡಿಗೆಯ ಮೇಲೂ ತಮ್ಮ ಗುರುತು ಬರೆಸುತ್ತಿದ್ದರು. ಒಂದು ದುಂಡು, ದುಂಡಿನೊಳಗೆ 'ಸಿ', ಕೆಳಗೆರಡು ಗೆರೆ. ಈ ಗುರುತು ಕಂಡರೆ ಇಡೀ ಮಾರುಕಟ್ಟೆ, "ಸಂಶೇದ ಸಾವ್ಕಾರ್ರ ಮಾಲು," ಎನ್ನುತ್ತಿತ್ತು. ಅದನ್ನವರು ಹೊಗಳಿಕೆಯೆಂದೇ ತಿಳಿದಿದ್ದರು.

ಮೆಲ್ಲನೆದ್ದರು. ರತ್ನವ್ವ ಗೊರಕೆ ಹೊಡೆಯುತ್ತಿದ್ದುದನ್ನು ಖಾತ್ರಿ ಮಾಡಿಕೊಂಡರು. ಗೊರಕೆ ಖರೆಯೋ ನಾಟಕವೋ ಎಂದು ಇನ್ನೂ ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ಸಾಮಾನಿನ ಕೋಣೆ ಹೊಕ್ಕು ಹಳೆಯ ಮಸಿಯ ಡಬ್ಬಿ, ಕುಂಚ ಹುಡುಕಿ ತೆಗೆದರು. ಮಳೆ, ಬಿಸಿಲು, ಲಾರಿಯ ಹೊಗೆ ಯಾವುದಕ್ಕೂ ಜಪ್ಪಯ್ಯ ಅನ್ನದ ಮಸಿ! ಪ್ರತಿಯೊಂದು ಪರದೆಯ ಕೆಳಗಿನ ಮಡಿಕೆಯನ್ನು ಮಗುಚಿ, ಹಿಂಬದಿಗೆ, ಯಾರಿಗೂ ಕಾಣದ ಮೂಲೆಯಲ್ಲಿ ತಮ್ಮ ಗುರುತನ್ನು ದಪ್ಪಗೆ ಬರೆದರು.

ಬರೆಯುವಾಗ ಕೈಗೆ ಒಂದು ಸಂಗತಿ ಹತ್ತಿತು. ಮಡಿಕೆ ಬಲು ದಪ್ಪ! ಒಳಗೆ ಏನೋ ತುಂಬಿದಂತಿದೆ. "ಗರಗದ ದರ್ಜಿ ಒಳಗ ಚಿಂದಿ ಹಾಕಿ ಹೊಲದಾನ! ಪಾಪ, ನಮ್ಮ ಅತ್ತೀಗೂ ಟೋಪಿ!" ಎಂದು ಮರುಗಿ, ಆ ವಿಚಾರಣೆಯನ್ನು ಮುಂದಕ್ಕಿಟ್ಟುಕೊಂಡರು. ಮಸಿ ಆರಿದ ಮೇಲೆ ಪರದೆ ಮಡಚಿ ಗಂಟು ಕಟ್ಟಿದರು. ಹೆಂಡತಿಗೆ ಹೇಳಲಿಲ್ಲ. ಗುಟ್ಟು ಇಬ್ಬರಿಗೆ ಗೊತ್ತಾದರೆ ಅದು ಗುಟ್ಟೇ ಅಲ್ಲವೆಂದು ಅವರ ಸಿದ್ಧಾಂತ.

ಡ್ರೈಕ್ಲೀನಿಂಗ್ ಅಂಗಡಿ ನಿಜಾಮುದ್ದೀನನದು. ಅವನ ಹೆಂಡತಿ ಕರೀಮಾಬಿ ಹಣದ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾಳೆ. ಇಬ್ಬರೂ ಮೃದು ಮಾತಿನವರು, ಸಿದ್ದಲಿಂಗಪ್ಪನವರಿಗೆ ಅದೇ ಮೊದಲ ಸಂಶಯ.

"ಗರಗದ ಖಾದಿ ಇದು. ಬಿಸಿನೀರು ತೋರ್ಸಬ್ಯಾಡ್ರಿ, ಗಿಡ್ಡ ಆಗ್ತೈತಿ," ಎಂದರು.

"ಎಲ್ಲೀದ್ರಿ ಸಾವ್ಕಾರ್ರ! ಬಿಸಿನೀರಿನ ಮಾತ ಇಲ್ಲ," ಎಂದ ನಿಜಾಮುದ್ದೀನ.

"ಇವನ್ನ ಬಿಟ್ಟು ಬ್ಯಾರೇ ಪರದಿ ಕೊಡಬ್ಯಾಡ್ರಿ ಮತ್ತ."

ಕರೀಮಾಬಿ ನಕ್ಕಳು. "ನಿಮ್ಮ ಪರದಿ ನಿಮಗ ಕೊಡೂದ್ರಿ. ಮಂದೀವು ಕೊಟ್ರ ಮಂದಿ ಸುಮ್ನ ಬಿಡ್ತಾರೇನ್ರಿ?"

ನಕ್ಕಳಲ್ಲ! ಯಾಕೆ ನಕ್ಕಳು? ಸಿದ್ದಲಿಂಗಪ್ಪ ಮನೆಗೆ ಬರುವವರೆಗೂ ಅದನ್ನೇ ಯೋಚಿಸಿದರು.

ಮರುದಿನ ಅವರು ವಾಕಿಂಗ್ ಮುಗಿಸಿ ಒಳಗೆ ಬಂದಾಗ ರತ್ನವ್ವ ಫೋನಿನಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ಗಂಡನನ್ನು ಕಂಡೊಡನೆ, "ಹೂಂ, ಹೂಂ, ಹಂಗ ಮಾಡ್ರಿ," ಎಂದು ಫೋನು ಇಟ್ಟುಬಿಟ್ಟರು.

"ಯಾರು?"

"ಯಾರಿಲ್ರಿ. ರಾಂಗ್ ನಂಬರ್."

"ರಾಂಗ್ ನಂಬರಿಗೆ 'ಹಂಗ ಮಾಡ್ರಿ' ಅಂತ ಯಾರ ಹೇಳತಾರ?"

"ನಾ ಹೇಳತೇನಿ! ಚಾ ಬೇಕೋ ಬ್ಯಾಡೋ?"

ಚಹಾ ಬೇಕಾಗಿತ್ತು. ಸಂಶಯವನ್ನು ಚಹಾದ ಜೊತೆ ನುಂಗಿದರು.

ಶುಕ್ರವಾರ ಪರದೆಗಳು ಮನೆಗೆ ಬಂದವು. ಅಬ್ಬಾ, ಏನು ಬಿಳುಪು! ರತ್ನವ್ವ ಹಿಗ್ಗಿ ಹೀರೇಕಾಯಿಯಾದರು. ಸಿದ್ದಲಿಂಗಪ್ಪ ಸ್ಟೂಲ್ ಹತ್ತಿ ಒಂದೊಂದನ್ನೇ ಸರಳಿಗೆ ಪೋಣಿಸಿ, ಕೆಳಗಿಳಿದು, ದೂರ ನಿಂತು ನೋಡಿದರು. ನೋಡಿದವರು ಹಾಗೆಯೇ ನಿಂತರು.

ನೆಲ ಮುಟ್ಟುತ್ತಿದ್ದ ಪರದೆಗಳು ಗೇಣುದ್ದ ಮೇಲೆ ನಿಂತಿದ್ದವು! ಹೈಸ್ಕೂಲು ಮುಟ್ಟಿದ ಹುಡುಗ ಚಿಕ್ಕಂದಿನ ಕನ್ನಡ ಸಾಲೆಯ ಪ್ಯಾಂಟು ಹಾಕಿಕೊಂಡು ನಿಂತ ಹಾಗೆ!

"ಖಾದಿ ಅಲ್ರಿ, ಸ್ವಲ್ಪ ಕುಗ್ಗಿರಬೇಕು," ಎಂದರು ರತ್ನವ್ವ. ಧ್ವನಿ ಯಾಕೋ ಮೆತ್ತಗಿತ್ತು.

ಸಿದ್ದಲಿಂಗಪ್ಪ ಬಗ್ಗಿ ಮೊದಲನೆಯ ಪರದೆಯ ಮಡಿಕೆ ಮಗುಚಿದರು. ಗುರುತಿಲ್ಲ! ಎರಡನೆಯದನ್ನು ಮಗುಚಿದರು. ಇಲ್ಲ! ಎಲ್ಲವನ್ನೂ ನೋಡಿದರು. ಮಳೆ ಬಿಸಿಲಿಗೆ ಜಪ್ಪಯ್ಯ ಅನ್ನದ ಮಸಿಯ ಒಂದು ಚುಕ್ಕೆಯೂ ಇಲ್ಲ!

ಅವರ ತಲೆಯೊಳಗೆ ಫಕ್ಕನೆ ದೀಪ ಹತ್ತಿತು. ಬಟ್ಟೆ ಕುಗ್ಗಿದ್ದರೆ ಗುರುತೂ ಕುಗ್ಗಿ ಸಣ್ಣದಾಗಬೇಕಿತ್ತು, ಮಾಯವಾಗಬಾರದಾಗಿತ್ತು. ಅಂದಮೇಲೆ ಕುಗ್ಗಿಲ್ಲ. ಕತ್ತರಿಸಿದ್ದಾರೆ! ಪ್ರತಿ ಪರದೆಯ ಕೆಳಗಿನ ಗೇಣುದ್ದ ಬಟ್ಟೆಯನ್ನು ಗುರುತಿನ ಸಮೇತ ಕತ್ತರಿಸಿ ಹೊಸ ಮಡಿಕೆ ಹೊಲಿದಿದ್ದಾರೆ! ಮಡಿಕೆ ಮುಟ್ಟಿ ನೋಡಿದರು, ಮೊದಲಿನ ಹಾಗೇ ದಪ್ಪ. ಆಹಾ, ಚಿಂದಿಯನ್ನೂ ತಿರುಗಿ ತುಂಬಿದ್ದಾರೆ, ಗೊತ್ತಾಗಬಾರದೆಂದು! ಕಳ್ಳರ ಕೆಲಸದ ಅಚ್ಚುಕಟ್ಟಿಗೆ ಅವರು ಒಂದು ಕ್ಷಣ ತಲೆದೂಗಿದರು ಕೂಡ.

"ಆತು. ಇದರ ಕಥಿ ನಾ ನೋಡ್ಕೋತೇನಿ," ಎಂದರು.

"ಏನು ನೋಡ್ಕೋತೀರಿ? ಹೋಗ್ಲಿ ಬಿಡ್ರಿ. ಅವ್ವಗ ನಾ ಹೇಳ್ಕೋತೇನಿ."

ಹೋಗಲಿ ಬಿಡ್ರಿ! ತವರಿನ ಪರದೆಗೆ ಗಂಡನ ಕೈ ತಾಕಿದರೆ ಉರಿದುಬೀಳುವ ರತ್ನವ್ವ 'ಹೋಗಲಿ ಬಿಡ್ರಿ' ಎನ್ನುತ್ತಿದ್ದಾಳೆ! ಪಿಸುಪಿಸು ಫೋನು ನೆನಪಾಯಿತು. ಸಿದ್ದಲಿಂಗಪ್ಪ ಹೆಂಡತಿಯನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿದರು.

ಅಂದೇ ಧಾರವಾಡದ ಬಿಳಿ ಬಟ್ಟೆಗೆಲ್ಲ ಗಂಡಾಂತರ ಶುರುವಾಯಿತು. ಬಿಳಿಯದೇನು ಕಂಡರೂ ಅದು ತಮ್ಮ ಗೇಣುದ್ದ! ಹಣ್ಣಿನ ಗಾಡಿಯ ಮೇಲಿನ ಹೊದಿಕೆ, ಇಡ್ಲಿ ಹೋಟೆಲಿನ ಬಟ್ಟೆ, ಎಲ್ಲವನ್ನೂ ಬೆರಳಲ್ಲಿ ತಿಕ್ಕಿ ನೋಡಿದರು. ಇಡ್ಲಿಯವನು, "ಮುಟ್ಟಬ್ಯಾಡ್ರಿ ಯಜಮಾನ್ರ, ಬಿಸಿ ಐತಿ!" ಎಂದು ಕೂಗುವಷ್ಟರಲ್ಲಿ ಬೆರಳು ಸುಟ್ಟಿತ್ತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಬರುವಾಗ ಪಕ್ಕದ ಮನೆಯ ಏಕನಾಥ ಮಾಸ್ತರರು ಎದುರಾದರು. ಹೆಗಲಲ್ಲಿ ಹೊಚ್ಚಹೊಸ ಬಿಳಿ ಖಾದಿ ಚೀಲ!

"ಮಾಸ್ತರ್ರ, ಚೀಲ ಛಲೋ ಐತಲ್ರಿ. ಎಲ್ಲೆ ಹೊಲಿಸಿದ್ರಿ?"

"ನಮ್ಮ ಸೊಸಿ ಕೊಟ್ಟಾಳ್ರಿ. ಯಾಕ?"

"ಏನಿಲ್ಲ, ಸುಮ್ಮ." ಎನ್ನುತ್ತಲೇ ಚೀಲದ ಅಂಚಿನಿಂದ ಒಂದು ಎಳೆ ಸರ್ರನೆ ಎಳೆದು, ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು, ಎಳೆಗೆ ಬೆಂಕಿ ಹಚ್ಚಿ ಮೂಗಿನ ಹತ್ತಿರ ಹಿಡಿದರು. ಹತ್ತಿಯನ್ನು ಪರೀಕ್ಷಿಸುವ ಅವರ ಹಳೆಯ ಪದ್ಧತಿ ಅದು.

"ಅಯ್ಯಯ್ಯ, ಏನ್ ಮಾಡ್ಲಿಕತ್ತೀರಿ ಸಿದ್ದಲಿಂಗಪ್ಪ! ಚೀಲದಾಗ ಪಂಚಾಂಗ ಅದ!"

"ಹತ್ತಿ! ಅಪ್ಪಟ ಹತ್ತಿ!" ಎಂದು ಸಿದ್ದಲಿಂಗಪ್ಪ ಗುಡುಗಿದರು.

"ಮತ್ತ ಹತ್ತೀ ಚೀಲ ಹತ್ತೀದ ಇರ್ತದ! ಅಲಸಂದೀದ ಇರ್ತದೇನು?"

ಎಳೆ ಬಿಚ್ಚಿದ ಚೀಲದ ಅಂಚು ಬಾಯಿ ಬಿಟ್ಟಿತ್ತು, ಮಾಸ್ತರರ ಬಾಯಿಯೂ ಬಿಟ್ಟಿತ್ತು. ಕಡೆಗೆ ಸಿದ್ದಲಿಂಗಪ್ಪ ಇಡೀ ವೃತ್ತಾಂತವನ್ನು, ಗುರುತಿನ ಗುಟ್ಟೊಂದನ್ನು ಬಿಟ್ಟು, ಮಾಸ್ತರರ ಕಿವಿಯಲ್ಲಿ ಊದಿದರು. ಚೀಲದ ಸಿಟ್ಟೆಲ್ಲ ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ ತಿರುಗಿ, ಮಾಸ್ತರರು ಸಾಕ್ಷಿಗೆ ಬರಲು ಒಪ್ಪಿದರು.

ಶನಿವಾರ ಸಂಜೆ ಮೆರವಣಿಗೆ ಹೊರಟಿತು. ಮುಂದೆ ಪರದೆಯ ಗಂಟು ಹೊತ್ತ ಸಿದ್ದಲಿಂಗಪ್ಪ, ಹಿಂದೆ ಬಾಯಿಬಿಟ್ಟ ಚೀಲದ ಮಾಸ್ತರರು, ಅವರ ಹಿಂದೆ, "ಬ್ಯಾಡ್ರಿ, ನನ್ನ ಮಾತ ಕೇಳ್ರಿ," ಎನ್ನುತ್ತ ರತ್ನವ್ವ. ಬೇಡವೆಂದಷ್ಟೂ ಸಿದ್ದಲಿಂಗಪ್ಪನವರ ಹೆಜ್ಜೆ ಜೋರಾಯಿತು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಅವರಿಗೆ ಬೇಕಾದದ್ದೂ ಅದೇ.

"ನಿಜಾಮುದ್ದೀನ! ನಮ್ಮ ಗೇಣುದ್ದ ಪರದಿ ಎಲ್ಲೈತಿ?"

ನಿಜಾಮುದ್ದೀನ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. "ಸಾವ್ಕಾರ್ರ, ಅದು ಸ್ವಲ್ಪ ಕುಗ್ಗಿತ್ರಿ. ಅಕ್ಕಾರಿಗೆ..."

"ಕುಗ್ಗಿತಂತ! ಯಾರಿಗೆ ಹೇಳತಿ? ಜನ್ಮ ಎಲ್ಲಾ ಹತ್ತ್ಯಾಗ ಕಳದಾಂವ ನಾ. ಕತ್ತರಿಸೀರಿ ನೀವು!"

"ಯಾ ಅಲ್ಲಾ! ಕತ್ತರಿ ಹಚ್ಚಿಲ್ರಿ!" ಎಂದು ಕರೀಮಾಬಿ ಎದ್ದು ನಿಂತಳು.

ಗಿರಾಕಿಗಳೆಲ್ಲ ಇತ್ತ ತಿರುಗಿದರು. ಬಿಡಬೇಕಾದ ಬಾಣ ಬಿಡುವ ಹೊತ್ತು ಬಂತೆಂದು ಸಿದ್ದಲಿಂಗಪ್ಪ ಧೋತರದ ಚುಂಗು ಹಿಡಿದು ನಿಂತರು. ಅವರ ಧ್ವನಿ ಮಾರುಕಟ್ಟೆಯಲ್ಲಿ ಹತ್ತಿಯ ಲಿಲಾವು ಕೂಗುತ್ತಿದ್ದ ಕಾಲಕ್ಕೆ ಮರಳಿತು.

"ಕೇಳ್ರಿ ಎಲ್ಲಾರೂ! ನಾ ಹುಚ್ಚ ಅಲ್ಲ. ಪರದಿ ಕೊಡೂಕಿಂತ ಮದಲ ಪ್ರತಿಯೊಂದರ ಕೆಳಗ, ಮಡಿಕಿ ಹಿಂದ, ಯಾರಿಗೂ ಕಾಣದಂಗ ನನ್ನ ಅಂಡಿಗಿ ಗುರುತು ಹಾಕೇನಿ. ಕರೇ ಮಸೀಲೆ! ದುಂಡನ್ನ ದುಂಡು, ಒಳಗ 'ಸಿ'! ಆ ಗುರುತು ಈಗ ಎಲ್ಲೈತಿ? ಹೇಳ್ರಿ, ಎಲ್ಲೈತಿ ಗುರುತು?"

ನಿಜಾಮುದ್ದೀನ ಕರೀಮಾಬಿಯನ್ನು ನೋಡಿದ. ಕರೀಮಾಬಿ ರತ್ನವ್ವನನ್ನು ನೋಡಿದಳು. ರತ್ನವ್ವ ಗಂಡನನ್ನು ನೋಡಿದರು. ಆ ನೋಟ ಸಿದ್ದಲಿಂಗಪ್ಪನವರಿಗೆ ಸರಿ ಕಾಣಲಿಲ್ಲ.

"ಅದು... ಅದು ನೀವು ಹಾಕಿದ್ದೇನ್ರಿ?" ಎಂದಳು ಕರೀಮಾಬಿ.

"ನಾನ ಹಾಕಿದ್ದು!"

"ಅಯ್ಯ ನನ್ನ ಕರ್ಮವ! ಆ ಕರೇ ಕಲಿ ತಗ್ಯಾಕ ನಮ್ಮ ಜೀವ ಹೋತಲ್ರಿ! ಧೂಳೆಲ್ಲಾ ಹೋತು, ಪರದಿ ಹಾಲಿನಂಗ ಆತು, ಇವೊಂದು ಕಲಿ ಮಾತ್ರ ಹೋಗವಲ್ಲವು. ನಿಂಬಿಹಣ್ಣು ತಿಕ್ಕಿದ್ವಿ, ಉಪ್ಪು ತಿಕ್ಕಿದ್ವಿ, ಬಾಟ್ಲಿ ಔಷಧ ಹಾಕಿದ್ವಿ. ಹಂಗ ಕೊಟ್ರ, ಕಲಿ ನೀವ ಮಾಡೀರಿ ಅಂತ ನಮ್ಮ ಮ್ಯಾಲ ಬರ್ತೀರಿ ಅಂತ ಹೆದರಿ ಅಕ್ಕಾರಿಗೆ ಫೋನ್ ಮಾಡಿದ್ವಿ. ಕುದಿಯೋ ನೀರಾಗ ಹಾಕಿದ್ರ ಅಷ್ಟ ಹೋಗ್ತಾವ, ಆದ್ರ ಪರದಿ ಗಿಡ್ಡ ಆಗ್ತಾವ ಅಂತ ಹೇಳೇ ಹೇಳಿದ್ವಿ."

ರಾಂಗ್ ನಂಬರ್! ಹಂಗ ಮಾಡ್ರಿ! ಸಿದ್ದಲಿಂಗಪ್ಪನವರ ಕೈಯಿಂದ ಧೋತರದ ಚುಂಗು ಜಾರಿತು.

"ನೀ... ನೀ ಹೂಂ ಅಂದ್ಯಾ?" ಎಂದರು ಹೆಂಡತಿಯತ್ತ ತಿರುಗಿ.

"ಅಂದೆ! ಯಾಕ ಅನಬಾರದು?" ರತ್ನವ್ವನ ಕಣ್ಣಲ್ಲಿ ಬೆಂಕಿಯೂ ಇತ್ತು, ನೀರೂ ಇತ್ತು. "ಗಿಡ್ಡ ಆದ್ರ ಖಾದಿ ಹೆಸರಿಗೆ ಹೋಗ್ತೈತಿ. ಕಲಿ ಉಳದ್ರ ನನ್ನ ಹೆಸರಿಗೆ ಬರ್ತೈತಿ. ಅವ್ವ ಬೆರಳು ನೋವು ಮಾಡ್ಕೊಂಡು ನೂತ ಪರದಿ, ಅದಕ್ಕ ಇಷ್ಟಿಷ್ಟು ದೊಡ್ಡ ಕರೇ ಕಲಿ! ಆಕಿ ಬಂದು ನೋಡಿದ್ರ ಏನಂತಾಳ ಅಂತ ನನಗ ಎರಡು ದಿನದಿಂದ ಉಂಡ ಕೂಳು ಮೈಗೆ ಹತ್ತಿಲ್ಲ. ನಿಮಗ ಹೇಳಿದ್ರ ಆ ಕಲಿ ಯಾರ ಹಚ್ಚಿದ್ರು ಅಂತ ಊರ ತುಂಬ ವಿಚಾರಣಿ ಮಾಡ್ತೀರಿ ಅಂತ ಸುಮ್ಮ ಇದ್ದೆ. ಹಚ್ಚಿದವ್ರು ನೀವ! ನನ್ನ ತವರಿನ ಪರದಿಗೆ ಮಸಿ ಬಳದವ್ರು ನೀವ!"

ಗಿರಾಕಿಯೊಬ್ಬರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಆಮೇಲೆ ಕೆಮ್ಮುವ ನಾಟಕವನ್ನೂ ಬಿಟ್ಟು ಎಲ್ಲರೂ ನಕ್ಕರು. ಏಕನಾಥ ಮಾಸ್ತರರು ಮಾತ್ರ ನಗಲಿಲ್ಲ. ತಮ್ಮ ಚೀಲವನ್ನು ಸಿದ್ದಲಿಂಗಪ್ಪನವರ ಮೂಗಿನ ಮುಂದೆ ಹಿಡಿದು, "ಇದನ್ನ ಯಾರು ಹೊಲೀತಾರ?" ಎಂದು ಕೇಳಿದರು. ಕರೀಮಾಬಿಯೇ ಪಾಪ, ಅದನ್ನು ಇಸಿದುಕೊಂಡು ಎರಡು ಟಾಕೆ ಹಾಕಿಕೊಟ್ಟಳು.

"ತಪ್ಪಾತವಾ ಕರೀಮಾಬಿ, ನಿಜಾಮುದ್ದೀನ, ನಂದ ತಪ್ಪು," ಎಂದು ಸಿದ್ದಲಿಂಗಪ್ಪ ಗೊಣಗಿದರು. ಆ ಮಾತು ಅವರ ಬಾಯಿಗೆ ಹೊಸದಾದ್ದರಿಂದ ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಮರುದಿನ, ಐತವಾರ, ಚನ್ನಬಸವ್ವ ಬಂದರು. ಅಳಿಯನನ್ನು ಹಿಡಿದುಕೊಂಡು ಮೆಟ್ಟಿಲೇರಿ, ಪಡಸಾಲೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಪರದೆಗಳನ್ನು ನೋಡಿದರು. ರತ್ನವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತರು. ಸಿದ್ದಲಿಂಗಪ್ಪ ನೆಲ ನೋಡುತ್ತಿದ್ದರು, ಪರದೆ ಮುಟ್ಟದೆ ಬಿಟ್ಟ ನೆಲ ಅವರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಗಿಡ್ಡ ಆಗ್ಯಾವಲ್ಲ," ಎಂದರು ಚನ್ನಬಸವ್ವ.

"ಅವ್ವಾ, ಅದು..." ಎಂದ ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅದಕ್ಯಾಕ ಅಳತಿ ಹುಚ್ಚಿ? ಖಾದಿ ಕುಗ್ಗದ ಮತ್ತೇನ ಬೆಳೀತೈತೇನು? ಕತ್ತರಿ ತಗೊಂಬಾ."

ಕತ್ತರಿ ಬಂತು. ಮುದುಕಿ ಕೆಳಗೆ ಕುಳಿತು, ಮಡಿಕೆಯ ಹೊಲಿಗೆಯನ್ನು ಟಕಟಕ ಕತ್ತರಿಸಿ, ದಪ್ಪ ಮಡಿಕೆಯನ್ನು ಬಿಚ್ಚತೊಡಗಿದರು. ಒಳಗೆ ಚಿಂದಿಯೂ ಇಲ್ಲ, ಮಣ್ಣೂ ಇಲ್ಲ. ಸುತ್ತಿ ಸುತ್ತಿ ಮಡಚಿಟ್ಟ ಅದೇ ಖಾದಿ! ಗೇಣುದ್ದ ಹೋಗಲಿ, ಅದಕ್ಕೂ ಮಿಕ್ಕಿತ್ತು!

"ಮುಂದ ಕುಗ್ಗತಾವಂತ ನಾನ ಹೆಚ್ಚಿಗಿ ಬಿಡಿಸಿ ಹೊಲಿಸಿದ್ನೆವ್ವ. ಅಳಿಯಂದ್ರು ಹತ್ತಿ ವ್ಯಾಪಾರದವ್ರು, ಅವರಿಗೆ ಗೊತ್ತ ಇರ್ತೈತಿ ಅಂತ ಹೇಳಿರ್ಲಿಲ್ಲ."

ರತ್ನವ್ವ ಅಳುತ್ತಲೇ ನಕ್ಕು ತಾಯಿಯ ಕೊರಳಿಗೆ ಬಿದ್ದರು. ಸಿದ್ದಲಿಂಗಪ್ಪನವರ ಎದೆಯ ಮೇಲಿನ ಕಲ್ಲೂ ಇಳಿಯಿತು. "ಗೊತ್ತಿತ್ರಿ ಅತ್ತೀ, ಮಡಿಕಿ ದಪ್ಪ ಐತಿ ಅಂತ ನಾ ಅವತ್ತ ಗುರುತಿಸಿದ್ದೆ!" ಎಂದು ಆಗಲೇ ಮೀಸೆಯ ಮೇಲೆ ಕೈಯಾಡಿಸಿದರು. ಎಲ್ಲ ಮಡಿಕೆಗಳನ್ನೂ ಬಿಚ್ಚಿದ್ದಾಯಿತು. ಮೂವರೂ ಹಿಂದೆ ಸರಿದು ನಿಂತರು. ಪರದೆಗಳು ಸರ್ರನೆ ಇಳಿದು ನೆಲ ಮುಟ್ಟಿದವು.

ಮತ್ತು ಪ್ರತಿಯೊಂದರ ಕೆಳಗೆ, ಮುಂಬದಿಗೇ, ಕಪ್ಪಗೆ, ದುಂಡಗೆ, 'ಸಿ'!

ಅಂದು ಹಚ್ಚಿದ ಮಸಿ ಮಡಿಕೆಯೊಳಗೆ ಇಳಿದು ಕೂತಿತ್ತು. ಹಿಂಬದಿಯದನ್ನು ಕರೀಮಾಬಿ ಕುದಿಯುವ ನೀರಿಗೆ ಹಾಕಿ ತಿಕ್ಕಿ ತೆಗೆದಿದ್ದಳು. ಒಳಮಡಿಕೆಯದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿಕ್ಕುವ ಕೈ ತಾಗದೆ, ಬರೀ ಕುದಿಯುವ ನೀರು ಕುಡಿದು ಅದು ಇನ್ನಷ್ಟು ಗಟ್ಟಿಯಾಗಿತ್ತು. ಒಂದು ದುಂಡು, ಕೆಳಗೆರಡು ಗೆರೆ, ಬಾಗಿಲಲ್ಲಿ ನಿಂತವರಿಗೂ ಓದಲು ಬರುವ ಹಾಗೆ!

ಚನ್ನಬಸವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಅಳಿಯನ ಅಂಡಿಗೆಗಳನ್ನು ಅವರು ಕಾಣದವರೇನಲ್ಲ.

"ಇದು ಹತ್ತಿ ಅಂಡಿಗಿ ಗುರುತಲ್ಲೇನ್ರಿ ಅಳಿಯಂದ್ರ?" ಎಂದರು ನಿಧಾನಕ್ಕೆ. "ಪರದಿಗೋಳನ್ನ ಯಾವಾಗ ಪ್ಯಾಟಿಗೆ ಕಳಸಾವ್ರಿದ್ದೀರಿ?"

ಸಿದ್ದಲಿಂಗಪ್ಪ ಬಾಯಿ ತೆರೆದರು. ಅವರಿಗಿಂತ ಮೊದಲೇ ರತ್ನವ್ವ ಮಾತಾಡಿದರು.

"ಪರದಿ ಎಲ್ಲೂ ಹೋಗಂಗಿಲ್ಲ ಬಿಡವ್ವ. ಗುರುತು ಹಾಕಿದವ್ರನ್ನ ಯಾರರ ತಗೋತಾರೇನು ಕೇಳಿ ನೋಡು."